ತಾತನ ದನಿ ತೆಗೆದುಕೊಟ್ಟವಳು

ಮೊನ್ನೆ ಕೈಲಾಂಚದ ಬಸ್ಸು ರಾಮನಗರದೊಳಗೆ ತಿರುಗುತ್ತಿದ್ದಂತೆ ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಯಿಂದ ನುಗ್ಗಿತು. ಪಕ್ಕದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಕಂಪ್ಯೂಟರ್ ಟೀಚರಮ್ಮ ನೆನಪಾದಳು... ಅವಳು ಪಾಠ ಹೇಳುತ್ತಿದ್ದ ಕೋಣೆ, ಅವಳ ಅಪ್ಪ ನೂಲು ತೆಗೆಯುತ್ತಿದ್ದ ಶೆಡ್ಡಿನ ಹಿಂದೆಯೇ ಇತ್ತು.

ಮೊಮ್ಮಕ್ಕಳೇ, ನೀವು ಹುಟ್ಟುವ ಮೊದಲೇ ನಿಮ್ಮ ತಾತ ನಿಮಗೆಂದು ಹನ್ನೊಂದು ಕಥೆಗಳನ್ನು ಕಂಪ್ಯೂಟರಿನಲ್ಲಿ ತಮ್ಮ ದನಿಯಲ್ಲೇ ರೆಕಾರ್ಡ್ ಮಾಡಿಟ್ಟಿದ್ದರು. ಅವರು ಹೋದ ಮೇಲೆ ಆ ಯಂತ್ರ ಕೆಟ್ಟಿತು. ಅದರ ಡಿಸ್ಕನ್ನು ಹೊಸದಕ್ಕೆ ಹಾಕಿಸಿದೆವು. ಕಥೆಗಳ ಹೆಸರುಗಳೆಲ್ಲ ಸಾಲಾಗಿ ಕಾಣುತ್ತಿದ್ದವು. ಒತ್ತಿದರೆ ಅನುಮತಿ ಇಲ್ಲ ಎಂದು ಬರುತ್ತಿತ್ತು. ಯಂತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಅವಳ ಹತ್ತಿರ ಹೋದೆ.

ಅವಳು ಕಪ್ಪು ಪರದೆ ತೆರೆದು ಏನೋ ಬರೆದಳು. ಅಳಿಸಿ ಮತ್ತೆ ಬರೆದಳು. "ಇದು ಯುನಿಕ್ಸ್ ಅನ್ನೋ ಬೇರೆ ವ್ಯವಸ್ಥೆಯ ಕಮಾಂಡ್ ಅಮ್ಮ, ಈ ಯಂತ್ರದ ವಿಂಡೋಸ್ ಒಳಗೆ ಓಡಿಸ್ತಾ ಇದೀನಿ. ಕಮಾಂಡ್ ಆಯ್ತು ಅಂತೈತೆ, ವಿಂಡೋಸ್ ಒಪ್ತಿಲ್ಲ. ಸೊಸೆ ಹೂಂ ಅಂದ್ರೂ ಅತ್ತೆ ಬಾಗಿಲು ತೆಗೀತಿಲ್ಲ."

ನನಗೆ ನಗು ಬರಲಿಲ್ಲ. ಫೈಲುಗಳ ಮಾಲೀಕರ ಜಾಗದಲ್ಲಿ ನಿಮ್ಮ ತಾತನ ಹೆಸರಿನ ಬದಲು ಉದ್ದನೆಯ ನಂಬರೊಂದಿತ್ತು. ಅವರು ಯಾರೆಂದೇ ಹೊಸ ಯಂತ್ರಕ್ಕೆ ಗೊತ್ತಿರಲಿಲ್ಲ. ಮಾಲೀಕತನವನ್ನು ನನ್ನ ಹೆಸರಿಗೆ ಮಾಡಿದರೆ ಎಲ್ಲ ತೆರೆದುಕೊಳ್ಳುತ್ತದೆ ಎಂದಳು.

"ಬ್ಯಾಡ ಕಣವ್ವ. ಅವರದ್ದು ಅವರ ಹೆಸರಲ್ಲೇ ಇರ್ಲಿ."

ಪಹಣಿಯಿಂದ, ರೇಷನ್ ಕಾರ್ಡಿನಿಂದ, ಡೇರಿಯ ಪುಸ್ತಕದಿಂದ ಆಗಲೇ ಅವರ ಹೆಸರು ಹೋಗಿತ್ತು.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ತಾತನ ಹೆಸರಿನಲ್ಲೇ ಹೊಸ ಖಾತೆ ತೆರೆದು, ಮಾಲೀಕತನ ಅದಕ್ಕೆ ಕೊಟ್ಟು, ನನಗೆ ಕೇಳುವ ಅನುಮತಿ ಮಾತ್ರ ಕೊಡುತ್ತೇನೆಂದಳು. ಹೆಸರೇನು ಎಂದು ಕೇಳಿದಳು. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಒಂದು ಚೀಟಿ ಕೇಳಿ ಅದರಲ್ಲಿ ಬರೆದುಕೊಟ್ಟೆ.

"ನಮ್ಮ ಅಮ್ಮೀನೂ ಹಿಂಗೇ. ಅಬ್ಬಾನ್ನ ಕರೆಯೋಕೆ ಬಳೆ ಅಲ್ಲಾಡಿಸ್ತಾಳೆ" ಎಂದು ನಕ್ಕಳು.

ಸಂಜೆಯ ಹೊತ್ತಿಗೆ ಯಂತ್ರದೊಳಗಿಂದ ನಿಮ್ಮ ತಾತ ಒಂದು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಕೇಳ್ರಪ್ಪಾ ಮಕ್ಳಾ" ಎಂದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ನಿನ್ನಿಂದ ಉಪಕಾರವಾಯಿತು ಎಂದು ಅವಳಿಗೆ ಒಂದು ಮಾತೂ ಹೇಳದೆ ಎದ್ದು ಬಂದೆ. ಸಂಕೋಚ... ಇನ್ನೊಂದು ದಿನ ಹೇಳಿದರಾಯಿತು ಅಂದುಕೊಂಡೆ.

ಹೋದ ವರ್ಷ ಅವಳು ಜ್ವರದಲ್ಲಿ ತೀರಿಕೊಂಡಳು. ಮೊನ್ನೆ ಬಸ್ಸಿಳಿದು ಅವಳ ಮನೆಗೇ ಹೋಗಿ, ಅವಳು ತಾತನ ದನಿ ತೆಗೆದುಕೊಟ್ಟದ್ದನ್ನು ಹೇಳಿದೆ. ಅವಳ ತಾಯಿ ಅವಳ ಫೋನನ್ನು ತಂದು ನನ್ನ ಕೈಗಿಟ್ಟರು. ಅದಕ್ಕೆ ಅವಳು ಹಾಕಿದ್ದ ಲಾಕು ಹಾಗೇ ಇತ್ತು.

"ದಿನಾ ಚಾರ್ಜ್ ಹಾಕ್ತೀನಿ. ಮಗಳ ಮಾತೆಲ್ಲ ಇದ್ರೊಳಗೇ ಐತೆ. ತೆಗೆಯೋಕೆ ಯಾರಿಗೂ ಬರ್ತಿಲ್ಲ. ನಿಮಗೇನಾದ್ರೂ ಲಾಕು ತೆಗೆಯೋದು ತೋರಿಸ್ಕೊಟ್ಟಿದ್ಲಾ?"

ಇಲ್ಲ ಎಂದು ತಲೆಯಾಡಿಸಿ ಅವರ ಪಕ್ಕದಲ್ಲಿ ಕುಳಿತೆ. ಪರದೆ ಆರಿತು. ಅವರು ಒತ್ತಿ ಮತ್ತೆ ಬೆಳಗಿಸಿದರು.