ಕೆಂಚಮ್ಮನ ಎಡೆ

ಸತ್ತವರು ಬಂದು ಉಂಡು ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಮುಖಕ್ಕೆ ಹೊಡೆದಂತೆ ಉತ್ತರ ಕೊಡುತ್ತಿದ್ದೆ. ಚಿತ್ರದುರ್ಗದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು ನಾನು. ಉಂಡರೆ ಅನ್ನ ಕಡಿಮೆಯಾಗಬೇಕಲ್ಲ, ತೂಕ ಹಾಕಿ ತೋರಿಸಿ ಎಂದು ತರಗತಿಯಲ್ಲೇ ನಗೆಯಾಡಿದ್ದುಂಟು. ಈಗ ಆ ಮಾತು ಆಡುವುದಿಲ್ಲ. ನಂಬಿಕೆ ಬಂದಿದೆಯೇ ಎಂದರೆ ಅದನ್ನೂ ಹೇಳಲಾರೆ. ನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮೊದಲು ಅದು ನಡೆದ ಮನೆ ನಮ್ಮದಾದ ಬಗೆ ಹೇಳಬೇಕು. ನನ್ನ ತಂಗಿ, ಅವಳ ಗಂಡ ವರ್ಷಕ್ಕೊಂದು ದೇಶ ಸುತ್ತುವವರು. ಥೈಲ್ಯಾಂಡ್, ಬಾಲಿ, ದುಬೈ. ಬಂದ ಮೇಲೆ ಮೂರು ತಿಂಗಳು ನಮಗೆಲ್ಲ ಫೋಟೊ ತೋರಿಸುವ ಶಿಕ್ಷೆ. ನಾವು ಹೋದದ್ದು ಒಂದೇ ಸಲ, ಸಿಂಗಪುರಕ್ಕೆ, ಅದೂ ಅತ್ತೆಯನ್ನು ದಾವಣಗೆರೆಯ ಒಂದು ವೃದ್ಧಾಶ್ರಮದಲ್ಲಿ ಹತ್ತು ದಿನದ ಮಟ್ಟಿಗೆ ಬಿಟ್ಟು. ನಾವು ವಾಪಸು ಬರುವ ಮೊದಲೇ ಅವರು ತೀರಿಕೊಂಡರು. ಆಮೇಲೆ ನನ್ನ ಗಂಡ ಪಾಸ್‌ಪೋರ್ಟ್ ಮುಟ್ಟಲಿಲ್ಲ. ತಂಗಿಯ ಎದುರು ಸೋಲಲು ನಾನು ತಯಾರಿರಲಿಲ್ಲ. ಪರದೇಶ ಬೇಡವಾದರೆ ಬೇಡ, ರಜೆ ಕಳೆಯಲು ನಮ್ಮದೇ ಎರಡನೇ ಮನೆ ಇರಲಿ ಎಂದು ಹಟ ಹಿಡಿದೆ. ಸಂಬಳದಲ್ಲಿ ಆಗುವ ಮಾತಲ್ಲ ಅದು. ಭರಮಸಾಗರದಲ್ಲಿ ಅತ್ತೆಯ ಹೆಸರಿನಲ್ಲಿದ್ದ ಸೈಟು ಮಾರಿದೆವು. ಬದುಕಿದ್ದಾಗ ಅವರು ಅದನ್ನು ಮಾರಲು ಒಪ್ಪಿರಲಿಲ್ಲ. ಈಗ ಕೇಳುವವರು ಯಾರೂ ಇರಲಿಲ್ಲ.

ಮನೆ ಸಿಕ್ಕಿದ್ದು ಹೊಸದುರ್ಗದ ಕಡೆ, ಮಾರಿಕಣಿವೆ ಹಿನ್ನೀರಿನ ದಂಡೆಯ ಒಂದು ಹಳ್ಳಿಯಲ್ಲಿ. ಕುರಿ ಸಾಕುವ ಮನೆತನದ ಹಳೆಯ ಮನೆ. ಅಣ್ಣತಮ್ಮಂದಿರು ಪಾಲಾಗಿ, ಊರಿನಲ್ಲೇ ಬೇರೆ ಬೇರೆ ಮನೆ ಕಟ್ಟಿಕೊಂಡು ಇದನ್ನು ಮಾರಿದರು. ಅವರ ತಾಯಿ ಕೆಂಚಮ್ಮ ಹೆಬ್ಬೆಟ್ಟು ಒತ್ತುವ ಮುಂಚೆ ಒಂದೇ ಮಾತು ಕೇಳಿದಳು. ಅವಳ ಗಂಡ ಕಣ್ಣು ಮುಚ್ಚಿದ್ದು ಆ ಮನೆಯ ಒಳಕೋಣೆಯಲ್ಲಿ. ಪ್ರತಿ ಮಹಾಲಯ ಅಮಾವಾಸ್ಯೆ ಅಲ್ಲಿ ಕಂಬಳಿ ಹಾಸಿ, ಅವನಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರಬೇಕು. ಸತ್ತವರು ಉಂಡು ಏಳುವಷ್ಟು ಹೊತ್ತು ಬಿಟ್ಟು ಒಳಗೆ ಹೋಗುವುದು ಅವರ ಪದ್ಧತಿ.

“ವರ್ಷಕ್ಕೊಂದಿನ, ಅರ್ಧ ಗಂಟೆ ಒಳಗೆ ಬಿಡ್ರಿ ಮೇಡಮ್ಮಾರೆ. ನಮ್ಮ ಯಜಮಾನ ಬೇರೆ ಎಲ್ಲಿ ಇಕ್ಕಿದ್ರೂ ಉಣ್ಣಲ್ಲ” ಎಂದಳು. ಆಗಲಿ ಅಜ್ಜಿ ಎಂದೆ. ರಿಜಿಸ್ಟ್ರಿ ಮುಗಿಯುವ ತನಕ ಯಾರು ಏನು ಕೇಳಿದರೂ ಆಗಲಿ ಎನ್ನಲು ನನಗೇನು ಕಷ್ಟ?

ಒಳಕೋಣೆಗೆ ಟೈಲ್ಸ್ ಹಾಕಿಸಿ, ಎಸಿ ಕೂರಿಸಿ ನೆಂಟರ ಕೋಣೆ ಮಾಡಿದೆ. ಮುಂಬಾಗಿಲು ಮಾತ್ರ ಹಳೆಯದನ್ನೇ ಉಳಿಸಿಕೊಂಡೆ, ಒಳಗಿನಿಂದ ಹಾಕುವ ಮರದ ಅಗುಳಿ ನೋಡಲು ಚೆಂದವಿತ್ತು. ದಸರಾ ರಜೆಗೆ ಮುಂಚೆ ಒಂದು ರಜಾದಿನ ತಂಗಿಯನ್ನೂ ಅವಳ ಗಂಡನನ್ನೂ ಕರೆದೆ. ಅದು ಅಮಾವಾಸ್ಯೆ ಎಂಬುದು ಕೆಂಚಮ್ಮ ಗೇಟಿನ ಹತ್ತಿರ ನಿಂತಾಗಲೇ ನನಗೆ ನೆನಪಾದದ್ದು. ತಲೆಯ ಮೇಲೆ ಬುಟ್ಟಿ, ಹೆಗಲ ಮೇಲೆ ಕಂಬಳಿ. ಬುಟ್ಟಿಯಲ್ಲಿ ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ. ತಂಗಿಯ ಗಂಡ ಒಳಕೋಣೆಯಲ್ಲಿ ಎಸಿ ಹಾಕಿಕೊಂಡು ಮಲಗಿದ್ದ.

“ನೆಂಟರು ಬಂದಿದಾರೆ, ನಾಳೆ ಬಾ ಅಜ್ಜಿ” ಎಂದೆ.

“ನಾಳೆ ಆವಯ್ಯ ಬರಲ್ಲ ತಾಯಿ. ಇವತ್ತೊಂದಿನಾನೇ.”

“ಸತ್ತೋರಿಗೆ ಕ್ಯಾಲೆಂಡರ್ ಬೇರೆ ಗೊತ್ತಾಗುತ್ತಾ?”

ತಂಗಿ ಕಿಸಕ್ಕನೆ ನಕ್ಕಳು. ಅವಳು ನಕ್ಕದ್ದಕ್ಕೇ ನನಗೆ ಹುರುಪು ಬಂತು. ಕೆಂಚಮ್ಮ ಗೇಟಿನ ಸರಳು ಹಿಡಿದು ನಿಂತಿದ್ದಂತೆಯೇ ಬೀಗ ಹಾಕಿದೆ. ಅವಳು ಎದುರಿನ ಹೊಂಗೆ ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ಕೂತಳು. ಕೂರಲಿ ಬಿಡು ಎಂದುಕೊಂಡೆ.

ಒಂದು ಗಂಟೆಗೆ ಮೇಜಿನ ಮೇಲೆ ನಾಲ್ಕು ಬಾಳೆಎಲೆ ಹಾಕಿ ಬಡಿಸಿದೆ. ಅಷ್ಟರಲ್ಲಿ ಎದ್ದು ಬಂದ ತಂಗಿಯ ಗಂಡ, ಡ್ರೋನ್ ಹಾರಿಸಿ ಮನೆ, ಹಿನ್ನೀರು, ನಾವು ಎಲ್ಲ ಬರುವಂತೆ ಫೋಟೊ ತೆಗೆಯುತ್ತೇನೆ ಎಂದ. ನಾಲ್ವರೂ ಅಂಗಳಕ್ಕೆ ಬಂದೆವು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ನಮ್ಮ ಹಿಂದೆ ಬಾಗಿಲು ಮುಚ್ಚಿಕೊಂಡಿತು, ಅಗುಳಿ ಬಿದ್ದ ಸದ್ದು ಕೇಳಿಸಿತು. ನನ್ನ ಗಂಡ ಭುಜ ಕೊಟ್ಟು ತಳ್ಳಿದರು. ಜಗ್ಗಲಿಲ್ಲ. ಹಿತ್ತಲ ಬಾಗಿಲಿಗೆ ನಾನೇ ಬೆಳಿಗ್ಗೆ ಒಳಗಿನಿಂದ ಚಿಲಕ ಹಾಕಿದ್ದೆ.

“ಬಾಗ್ಲು ಬಡೀಬ್ಯಾಡ್ರಿ. ಉಣ್ತಾ ಅವ್ರೆ” ಎಂದಳು ಕೆಂಚಮ್ಮ, ಗೇಟಿನ ಆಚೆಯಿಂದ.

“ಯಾರು, ನಿನ್ನ ಗಂಡನಾ?” ಎಂದು ರೇಗಿದೆ.

“ನಮ್ಮೋರಲ್ಲ. ಯಾರೋ ವಯಸ್ಸಾದಾಕೆ. ಒಳಕೋಣೆಯಾಗೆ ಗೋಡೆ ಕಡೆ ಮುಖ ಮಾಡ್ಕಂಡು ಎಡಗೈಲಿ ಉಣ್ತಾ ಅವ್ರೆ. ಬಲಗೈ ತೊಡೆ ಮ್ಯಾಲೆ ಸುಮ್ನೆ ಬಿದ್ದೈತೆ.”

ನನ್ನ ಗಂಡ ಬಾಗಿಲಿನಿಂದ ಕೈ ತೆಗೆದರು. ಅವರ ತಾಯಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು. ಎಡಗೈಯಲ್ಲಿ ಕಲಸಿ, ಸೀರೆಯ ಮೇಲೆ ಚೆಲ್ಲಿಕೊಂಡು ಉಣ್ಣುತ್ತಿದ್ದರು. ಬಂದವರು ಹೇಸುತ್ತಾರೆ ಎಂದು ನಾನು ಅವರ ತಟ್ಟೆಯನ್ನು ಹಿಂದಿನ ಕೋಣೆಗೆ ಕೊಟ್ಟು, ಗೋಡೆಗೆ ಮುಖ ಮಾಡಿ ಕೂರಿಸುತ್ತಿದ್ದೆ. ಎರಡು ವರ್ಷ ಹಾಗೇ ಉಂಡರು. ಇದು ತಂಗಿಗೂ ಗೊತ್ತಿರಲಿಲ್ಲ. ಅತ್ತೆ ಆ ಹಳ್ಳಿಗೆ ಕಾಲಿಟ್ಟವರೇ ಅಲ್ಲ. ಹೊಂಗೆ ಮರದ ಕೆಳಗಿನಿಂದ ಕಾಣುವುದು ನಮ್ಮ ಮುಂಗೋಡೆ ಮಾತ್ರ.

ಎಷ್ಟು ಹೊತ್ತು ನಿಂತಿದ್ದೆವೋ ತಿಳಿಯದು. “ಎದ್ದರು ನೋಡ್ರಿ” ಎಂದು ಕೆಂಚಮ್ಮ ಹೇಳಿದ ಮೇಲೆ ಮುಟ್ಟಿದರೆ ಬಾಗಿಲು ತೆರೆದುಕೊಂಡಿತು. ಮೇಜಿನ ಮೇಲೆ ಮೂರೇ ಎಲೆ ಇದ್ದವು. ನಾಲ್ಕನೆಯದು ಒಳಕೋಣೆಯ ನೆಲದ ಮೇಲೆ, ಗೋಡೆಯ ಬುಡದಲ್ಲಿತ್ತು. ಒಂದು ಅಗುಳೂ ಬಿಡದೆ ಉಂಡು ಮಡಿಸಿದ ಎಲೆ. ಬೆಕ್ಕಿರಬೇಕು ಎಂದ ತಂಗಿಯ ಗಂಡ. ನನ್ನ ಗಂಡ ಆ ಎಲೆಯ ಮುಂದೆ ಕೂತು ಮಗುವಿನ ಹಾಗೆ ಅತ್ತರು. ತಾಯಿ ಸತ್ತಾಗಲೂ ಅವರು ಅತ್ತಿರಲಿಲ್ಲ.

ನಾನು ಓಡಿಹೋಗಿ ಬೀಗ ತೆಗೆದೆ. “ಬಾ ಅಜ್ಜಿ, ಎಷ್ಟು ಹೊತ್ತು ಬೇಕಾದರೂ ಇರು, ಎಡೆ ಇಡು” ಎಂದೆ. ಅವಳು ಏಳಲಿಲ್ಲ.

“ಇನ್ನು ಯಾಕ್ರಿ? ನಿಮ್ಮೋರು ಬಂದು ಕುಂತ್ರು. ನಿಮ್ಮ ಮನೆ ಆತು ಬಿಡ್ರಿ ಈಗ. ಬೇರೆಯೋರು ಕುಂತ ಜಾಗದಾಗೆ ನಮ್ಮ ಯಜಮಾನ ಕೂರಲ್ಲ, ಎದ್ದು ಹೋದ.”

“ಎಲ್ಲಿಗೆ?”

“ನಂಗೇನು ಗೊತ್ತು? ಕುರಿ ಹಿಂದೆ ಎಷ್ಟು ದೂರ ಹೋಗಿದ್ರೂ ಅಮಾಸೆಗೆ ಮನೀಗೆ ಬರ್ತಿದ್ದ. ಇನ್ನು ಯಾವ ಮನೀಗೆ ಬರ್ತಾನೆ?”

ಆಗ ನನಗೆ ಮೊದಲು ಅನ್ನಿಸಿದ್ದು, ಇನ್ನು ಇವಳ ಕಾಟ ತಪ್ಪಿತು ಎಂದು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಅದೇ.

ಅಗುಳಿ ಗಾಳಿಗೆ ಬಿತ್ತು, ಎಲೆಯನ್ನು ಬೆಕ್ಕು ಎಳೆಯಿತು ಎಂದು ಇಷ್ಟು ವರ್ಷ ನನಗೆ ನಾನೇ ಪಾಠ ಹೇಳಿಕೊಂಡಿದ್ದೇನೆ. ಕೆಂಚಮ್ಮ ಕಂಡದ್ದಕ್ಕೆ ಮಾತ್ರ ಯಾವ ಪಾಠವೂ ಸಾಲದು. ಪ್ರತಿ ಮಹಾಲಯ ಅಮಾವಾಸ್ಯೆಗೆ ನಾವು ಹೋಗಿ ಒಳಕೋಣೆಯಲ್ಲಿ ಎಡೆ ಇಡುತ್ತೇವೆ. ಗಂಡ ಮನೆ ಮಾರಲು ಬಿಡುವುದಿಲ್ಲ, ನಾನು ಅಲ್ಲಿ ಒಂದು ರಾತ್ರಿಯೂ ಉಳಿಯುವುದಿಲ್ಲ.

ಹೋದ ವರ್ಷ ನಾವು ಹೊರಗೆ ಕಾಯುತ್ತಿದ್ದಾಗ ಕೆಂಚಮ್ಮ ಕಂಡಳು. ಹಿನ್ನೀರಿನ ದಂಡೆಯಲ್ಲಿ ಕಂಬಳಿ ಹಾಸಿ, ಬುಟ್ಟಿ ಬಿಚ್ಚಿ ಎಡೆ ಇಟ್ಟು, ಅದಕ್ಕೆ ಬೆನ್ನು ತಿರುಗಿಸಿ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದಳು. ಇಟ್ಟದ್ದನ್ನೆಲ್ಲ ಹಾಗೇ ಬುಟ್ಟಿಗೆ ತುಂಬಿಕೊಂಡು ಇನ್ನಷ್ಟು ದೂರ ನಡೆದು, ಮತ್ತೆ ಕಂಬಳಿ ಹಾಸಿದಳು.