ಸಿಸ್ಟರ್ ಜೊತೆ ಸದ್ದಿಲ್ಲದ ರಸ್ತೆಗಳಲ್ಲಿ

ಅವರ ಕೈಗಳಿಗೆ ಎರಡು ಬಣ್ಣವಿತ್ತು. ಸೈಕಲ್ ತುಳಿಯುವವರ ಬೆರಳಿಲ್ಲದ ಗವಸಿನೊಳಗೆ ಅಡಗಿರುತ್ತಿದ್ದ ಹಸ್ತ ತಿಳಿಯಾಗಿಯೇ ಉಳಿದು, ಹೊರಗೆ ಇಣುಕುವ ಬೆರಳುಗಳು ಮಾತ್ರ ಬಿಸಿಲಿಗೆ ಬೆಂದು ಕಪ್ಪಾಗಿದ್ದವು. ಗವಸಿನ ಬೆನ್ನಿನಲ್ಲಿದ್ದ ಗಾಳಿತೂತುಗಳು ಹಸ್ತದ ಮೇಲೆ ರಾಗಿಕಾಳಿನಂಥ ಚುಕ್ಕೆಗಳ ಸಾಲು ಎಳೆದಿದ್ದವು. ಬರ್ಮಿಂಗ್‌ಹ್ಯಾಮಿನ ಬಿಸಿಲಿಗೆ ಅಷ್ಟು ತಾಕತ್ತಿಲ್ಲ. ಅದು ಫ್ರಾನ್ಸಿನ ಹಳ್ಳಿದಾರಿಗಳ ಬಿಸಿಲು.

ಆ ಊರಿನ ಹಾರ್ಬೋರ್ನ್ ಬಡಾವಣೆಯ ಪಕ್ಕದ ದೊಡ್ಡ ಆಸ್ಪತ್ರೆಯಲ್ಲಿ ಅವರು ನರ್ಸ್. ಊರು ಮಂಗಳೂರಿನ ಕಡೆ. ವಾರ್ಡಿನಲ್ಲಿ ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಎಂ.ಎ. ಓದಲು ಮೈಸೂರಿನಿಂದ ಬಂದು ಅವರ ಮಹಡಿ ಕೋಣೆಗೆ ಬಾಡಿಗೆಗೆ ಸೇರಿದಾಗ ನಾನು ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಯಾವುದನ್ನೂ ಕೊಡದಿದ್ದರೆ ನಾನೇ ವಿರೋಧವನ್ನು ಆರಿಸಿಕೊಳ್ಳುತ್ತಿದ್ದೆ. ಸಿಸ್ಟರ್ ಮದುವೆಯಾಗಿರಲಿಲ್ಲ. ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಒಬ್ಬ ತಮ್ಮ ಇದ್ದರು. ಹಿತ್ತಲ ಶೆಡ್ಡಿನಲ್ಲಿ ಎರಡು ಸೈಕಲ್ ಇದ್ದವು.

ಮೊದಲ ವಾರವೇ ಕೇಳಿದರು. "ನಿನ್ನದು ಯಾವ ದೇವರು?"

"ಯಾವುದೂ ಇಲ್ಲ ಸಿಸ್ಟರ್."

"ಒಳ್ಳೇದಾಯ್ತು. ನನ್ನ ಪೂಜೆ ಶನಿವಾರ ಸಂಜೆಗೇ ಮುಗೀತದೆ, ನಿನಗೆ ಪೂಜೆಯೇ ಇಲ್ಲ. ಭಾನುವಾರ ಇಬ್ಬರಿಗೂ ಪುರುಸೊತ್ತು. ಸೈಕಲ್ ಬರ್ತದಾ?"

ಚರ್ಚಿನ ಬಲಿಪೂಜೆಗೆ ಅವರು ಹೇಳುತ್ತಿದ್ದದ್ದೇ ಪೂಜೆ ಎಂದು. ಸೈಕಲ್ ಬರುತ್ತಿತ್ತು. ಚಳಿಗಾಲವೆಲ್ಲ ಕಾಲುವೆಯ ದಂಡೆಗಳಲ್ಲಿ ನನ್ನ ಕಾಲು ಗಟ್ಟಿ ಮಾಡಿ, ಮರುಬೇಸಿಗೆ ಹಡಗು ಹತ್ತಿಸಿ ನಾರ್ಮಂಡಿಗೆ ಕರೆದುಕೊಂಡು ಹೋದರು.

ಅವರು ದಾರಿ ಆರಿಸುವ ಕ್ರಮವನ್ನು ಹೇಳಬೇಕು. ಫ್ರಾನ್ಸಿನ ಜಿಲ್ಲಾ ರಸ್ತೆಗಳಿಗೆ ಡಿ ಎಂಬ ಅಕ್ಷರ, ಅದರ ಮುಂದೊಂದು ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ರಸ್ತೆ ಸಣ್ಣದು ಎಂಬುದು ಸಿಸ್ಟರ್ ನಂಬಿಕೆ. ಅದಕ್ಕೆ ಅಪವಾದಗಳಿವೆ ಎಂದು ಲಾರಿಗಳ ಪಕ್ಕದಲ್ಲಿ ನಡುಗುತ್ತಲೇ ನಾನು ಸಾಬೀತುಮಾಡಿದ್ದೂ ಉಂಟು. ಆದರೆ ಅವರ ಎರಡನೆಯ ನಿಯಮಕ್ಕೆ ಅಪವಾದ ಸಿಗಲಿಲ್ಲ: ನಡುವೆ ಬಿಳಿಗೆರೆ ಎಳೆದ ರಸ್ತೆ ಕಂಡರೆ ಹ್ಯಾಂಡಲ್ ತಿರುಗಿಸಿಬಿಡುವುದು. "ಗೆರೆ ಎಳೆದಿದ್ದಾರೆ ಅಂದ್ರೆ ಎದುರಿಂದ ಯಾರೋ ಬರ್ಲಿಕ್ಕುಂಟು ಅಂತ ಅರ್ಥ."

ಯಾರೂ ಬರದ ದಾರಿಗಳು. ಎರಡೂ ಕಡೆ ಎತ್ತರದ ಬೇಲಿಗಿಡ, ಅದರಾಚೆ ಸೇಬಿನ ತೋಟ, ಮುಖದ ಮೇಲೆ ಕಂದು ಮಚ್ಚೆಗಳ ಹಸುಗಳು. ಮಧ್ಯಾಹ್ನ ಹಳ್ಳಿಗೆ ಹಳ್ಳಿಯೇ ಬಾಗಿಲು ಹಾಕಿಕೊಂಡಿರುತ್ತಿತ್ತು. ಬೆಳಿಗ್ಗೆ ಕೊಂಡಿದ್ದ ಉದ್ದನೆಯ ಬ್ರೆಡ್ಡನ್ನು ಸಿಸ್ಟರ್ ಮುರಿದು, ಹ್ಯಾಂಡಲ್ ಚೀಲದಿಂದ ಮಿಡಿ ಉಪ್ಪಿನಕಾಯಿಯ ಡಬ್ಬಿ ತೆಗೆಯುತ್ತಿದ್ದರು. ಯಾವುದೋ ಚರ್ಚಿನ ಮೆಟ್ಟಿಲ ಮೇಲೆ ಕೂತು ನಾವು ತಿನ್ನುವಾಗ ಹಾದುಹೋಗುವ ನಾಯಿಗಳು ಮೂಸಿ ಸೀನುತ್ತಿದ್ದವು.

"ಇಷ್ಟು ನಿಶ್ಶಬ್ದ ಯಾಕೆ ಬೇಕು ನಿಮಗೆ? ಸಮುದ್ರತೀರಕ್ಕೆ ಹೋದರೆ ಆಗಲ್ವಾ?" ಎಂದು ಕೇಳಿದ್ದೆ.

"ವಾರ್ಡಲ್ಲಿ ಇಡೀ ದಿನ ಮೆಷಿನ್ ಬೀಪ್ ಬೀಪ್. ನನ್ನ ಕಿವಿ ಮನೆಯಲ್ಲಿ ಸಹ ಕಾಯ್ತಾ ಇರ್ತದೆ, ಈಗ ಯಾವುದು ಕೂಗ್ತದೆ, ಈಗ ಯಾರು ಕರೀತಾರೆ ಅಂತ. ಇಲ್ಲಿ ಬಂದ ಎರಡನೇ ದಿನಕ್ಕೆ ಕಿವಿ ಕಾಯುದು ಬಿಡ್ತದೆ ಮಾರಾಯ್ತಿ. ಅಷ್ಟೇ."

ಇದನ್ನು ಒಪ್ಪಿಕೊಂಡೆ. ಆದರೆ ನೀರಿನ ವಿಷಯದಲ್ಲಿ ವಾದಕ್ಕೆ ಇಳಿದೆ. ಅಂಗಡಿಗಳು ಮುಚ್ಚಿದ ಹೊತ್ತಿನಲ್ಲಿ ಆ ದೇಶದಲ್ಲಿ ಸೈಕಲ್ಲಿನವರು ನೀರು ಹಿಡಿಯುವುದು ಹಳ್ಳಿಯ ಸ್ಮಶಾನದಲ್ಲಿ. ಗೋರಿಯ ಹೂಕುಂಡಗಳಿಗೆಂದು ಅಲ್ಲೊಂದು ನಲ್ಲಿ ಇದ್ದೇ ಇರುತ್ತದೆ. ಸಿಸ್ಟರ್ ಗೇಟು ತಳ್ಳಿ ಒಳಗೆ ಹೋಗಿ ಬಾಟಲಿ ತುಂಬಿಸಿ ನನ್ನತ್ತ ಚಾಚಿದರು. ನನಗೆ ಬಾಯಾರಿ ನಾಲಿಗೆ ಅಂಟಿಕೊಂಡಿತ್ತು. ಕೈ ಮುಂದೆ ಹೋಗಲಿಲ್ಲ.

"ಪೈಪು ಹಳೇದಿರುತ್ತೆ ಸಿಸ್ಟರ್. ಕುಡಿಯೋ ನೀರು ಅಂತ ಎಲ್ಲೂ ಬರೆದಿಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನಗೆ ದೇವರು ಇಲ್ಲ. ಭೂತ ಉಂಟಾ?"

"ಅದಲ್ಲ..."

"ಆಸ್ಪತ್ರೆಯ ನಲ್ಲಿ ನೀರು ಗಟಗಟ ಕುಡೀತಿ. ಅಲ್ಲಿ ಎಂತ, ಜನ ಸಾಯುದಿಲ್ವಾ?"

ಕುಡಿದೆ. ತಣ್ಣಗಿತ್ತು. ಸಿಸ್ಟರ್ ಅಲ್ಲಿಗೆ ಬಿಡದೆ, ಹತ್ತಿರದ ಗೋರಿಯೊಂದರ ಮುಂದೆ ನಿಂತು ಕಲ್ಲಿನ ಮೇಲಿದ್ದ ಹೆಸರನ್ನು ತಪ್ಪುತಪ್ಪಾಗಿ ಓದಿ, ತುಟಿಯಲ್ಲೇ ಏನೋ ಪ್ರಾರ್ಥಿಸಿದರು.

"ಅವರಿಗೆ ಕೇಳಿಸಲ್ಲ," ಎಂದೆ.

"ನಿನಗೆ ಯಾರು ಹೇಳಿದ್ದು?"

ಹೀಗೆ ಶುರುವಾದ ವಾದ ಮುಂದಿನ ಬೇಸಿಗೆಗಳಿಗೂ ಸಾಗಿತು. ನಾನು ಓದು ಮುಗಿಸಿ ಅದೇ ಊರಿನಲ್ಲಿ ಕೆಲಸಕ್ಕೆ ಸೇರಿದರೂ ಮಹಡಿ ಕೋಣೆ ಬಿಡಲಿಲ್ಲ. ಸತ್ತವರಿಗೆ ನಮ್ಮ ಮಾತು ಕೇಳಿಸುತ್ತದೆ ಎಂಬುದು ಅವರ ಪಕ್ಷ. ತೀರಿಕೊಂಡ ತಾಯಿಗೆ ಅವರು ದಿನದ ವರದಿ ಒಪ್ಪಿಸುತ್ತಿದ್ದರು. ಪುರಾವೆ ಎಲ್ಲಿ ಎಂಬುದು ನನ್ನ ಪಕ್ಷ. ತಿಂಡಿಯ ಹೊತ್ತಿಗೆ ಅವರೊಂದು ಉತ್ತರ ಕೊಟ್ಟರೆ ನಾನು ಊಟದ ಹೊತ್ತಿಗೆ ಅದನ್ನು ಒಡೆಯುತ್ತಿದ್ದೆ. ಅವರು ಸೋಲುತ್ತಿರಲಿಲ್ಲ. ನಾಳೆ ಹೇಳ್ತೇನೆ ಎಂದು ಎದ್ದುಹೋಗಿ, ಪಾಳಿಯ ಡ್ಯೂಟಿ ಮುಗಿಸಿ ಬಂದು, ಕೋಟು ಬಿಚ್ಚುವ ಮೊದಲೇ ಹೊಸ ಉತ್ತರ ಎಸೆಯುತ್ತಿದ್ದರು.

ಆಮೇಲೊಂದು ವಸಂತದಲ್ಲಿ ಹೊಟ್ಟೆನೋವೆಂದು ಬಡಾವಣೆಯ ಡಾಕ್ಟರ ಹತ್ತಿರ ಹೋದವರು ಸ್ಕ್ಯಾನಿಗೆ ಹೋದರು. ಕ್ಯಾನ್ಸರ್ ಆಗಲೇ ಲಿವರ್‌ಗೂ ಹರಡಿತ್ತು. ಕೀಮೊ ಕೊಟ್ಟರೆ ಕೆಲವು ತಿಂಗಳು ಹೆಚ್ಚು ಸಿಗಬಹುದು, ಅಷ್ಟೇ ಎಂದರು ಡಾಕ್ಟರು. ಸಿಸ್ಟರ್ ಮೊದಲ ಸುತ್ತು ಮುಗಿಸಿ, ಮುಂದಿನದಕ್ಕೆ ಮುಂಚೆ ಒಂದು ವಾರ ಬಿಡುವು ಕೇಳಿದರು. ಫ್ರಾನ್ಸಿಗೆ.

ಡಿಡ್ಸ್‌ಬರಿಯಿಂದ ತಮ್ಮ ಓಡಿಬಂದರು. ಅಡುಗೆಮನೆಯಲ್ಲಿ ನಿಂತೇ ಇದ್ದರು, ಕೂರಲಿಲ್ಲ.

"ಈ ಸ್ಥಿತಿಯಲ್ಲಿ ಸೈಕಲ್ಲಾ ಅಕ್ಕ? ದಾರಿಯಲ್ಲಿ ಎಂತಾದ್ರೂ ಆದ್ರೆ?"

"ಅಲ್ಲಿಯೂ ಆಸ್ಪತ್ರೆ ಉಂಟು. ನೋವು ಅಂತ ಫ್ರೆಂಚಿನಲ್ಲಿ ಹೇಳ್ಲಿಕ್ಕೆ ನನಗೆ ಬರ್ತದೆ."

ತಮ್ಮ ನನ್ನ ಕಡೆ ತಿರುಗಿದರು. "ನೀವಾದ್ರೂ ಹೇಳಿ. ವಾದದಲ್ಲಿ ನಿಮ್ಮನ್ನು ಸೋಲಿಸ್ಲಿಕ್ಕೆ ಆಗುದಿಲ್ಲ ಅಂತ ಇವಳು ಫೋನಿನಲ್ಲಿ ಹೊಗಳ್ತಾಳಲ್ಲ."

ಎರಡೂ ಕಡೆಯ ವಾದ ನನ್ನಲ್ಲಿ ಸಿದ್ಧವಿತ್ತು. ಸಿಸ್ಟರ್ ಮುಖ ನೋಡಿದೆ. "ಹೋಗಲಿ ಬಿಡಿ ಸರ್. ನಾನು ಜೊತೆಗಿರ್ತೀನಿ," ಎಂದೆ.

ತಮ್ಮ ಹೋದ ಮೇಲೆ ಸಿಸ್ಟರ್ ಷರತ್ತು ಹಾಕಿದರು. "ಹೇಗಿದ್ದೀರಿ ಅಂತ ಒಂದು ಸಲ ಸಹ ಕೇಳ್ಬಾರ್ದು. ಇಡೀ ಬರ್ಮಿಂಗ್‌ಹ್ಯಾಮ್ ಕೇಳಿ ಆಯ್ತು, ತಲೆ ಓರೆ ಮಾಡಿಕೊಂಡು, ಮೆಲ್ಲ ಸ್ವರದಲ್ಲಿ. ನಾನೇ ಎಷ್ಟು ಜನರಿಗೆ ಹಾಗೆ ಕೇಳಿದ್ದೇನೆ. ಆ ಸ್ವರ ನನಗೆ ಗೊತ್ತುಂಟು."

"ಮತ್ತೇನು ಮಾತಾಡೋದು?"

"ಯಾವಾಗಿನ ಹಾಗೆ ಜಗಳ ಮಾಡು. ಒಂದು ವಾರ ನಾನು ಪೇಷೆಂಟ್ ಅಲ್ಲ."

ನಾನು ಕೇಳಲಿಲ್ಲ. ಬೆಳಿಗ್ಗೆ ಅವರು ಗವಸು ಹಾಕಿಕೊಳ್ಳಲು ಎಷ್ಟು ಹೊತ್ತು ತೆಗೆದುಕೊಂಡರೂ ಹಸುಗಳನ್ನು ನೋಡುತ್ತ ನಿಂತೆ. ದಿನಕ್ಕೆ ಒಂದು ಹಳ್ಳಿಯಿಂದ ಇನ್ನೊಂದಕ್ಕೆ, ಹೆಚ್ಚೆಂದರೆ ಮೂರನೆಯದಕ್ಕೆ. ನಾಲ್ಕನೆಯ ದಿನ ಒಂದು ಏರು ಬಂತು. ಹಿಂದೆ ಹಾಡು ಗುನುಗುತ್ತ ಹತ್ತುತ್ತಿದ್ದಂಥ ಏರು. ಅವರು ಇಳಿದು ಸೈಕಲ್ ತಳ್ಳತೊಡಗಿದರು. ಎರಡು ಕಡೆ ದಾರಿಯ ಬದಿಯ ಹುಲ್ಲಿನಲ್ಲಿ ಕೂತರು. ಎದ್ದು ಮತ್ತೆ ತಳ್ಳುತ್ತ, ಉಸಿರಿನ ನಡುವೆ ಹಳೆಯ ವಾದ ಎತ್ತಿದರು. ಅಮ್ಮ ಕೇಳಿಸಿಕೊಳ್ಳುತ್ತಾಳೆ, ಇಲ್ಲದಿದ್ದರೆ ಹೇಳಿದ ಮೇಲೆ ಮನಸ್ಸು ಹಗುರ ಆಗುವುದು ಹೇಗೆ ಎಂದರು. ಸುಲಭದ ವಾದ, ಮೊದಲ ವರ್ಷದ ಹುಡುಗರೂ ಒಡೆಯಬಲ್ಲರು. ಅವರ ಕುತ್ತಿಗೆಯ ನರ ಹೊಡೆದುಕೊಳ್ಳುವುದು ನನಗೆ ಕಾಣುತ್ತಿತ್ತು.

"ಇರಬಹುದು ಸಿಸ್ಟರ್. ನೀವು ಹೇಳೋದೇ ಸರಿ ಇರಬಹುದು."

ಸೈಕಲ್ ನಿಂತಿತು.

"ಎಂತ ಹೇಳಿದಿ?"

"ಸರಿ ಇರಬಹುದು ಅಂದೆ."

"ನಿನ್ನೆವರೆಗೆ ಮೂಢನಂಬಿಕೆ. ಇವತ್ತು ನಾನು ಎರಡು ಸಲ ಕೂತ ಮೇಲೆ ಸರಿ ಆಯ್ತಾ?" ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ. "ಇದಕ್ಕಿಂತ ಹೇಗಿದ್ದೀರಿ ಅಂತ ಕೇಳು, ಅಡ್ಡಿಯಿಲ್ಲ. ಎಲ್ಲರೂ ನನಗೆ ಬಿಟ್ಟು ಕೊಡ್ತಿದ್ದಾರೆ ಮಾರಾಯ್ತಿ. ಬಸ್ಸಲ್ಲಿ ಸೀಟು, ಕ್ಯೂನಲ್ಲಿ ಜಾಗ, ಈಗ ಮಾತಲ್ಲಿ ಗೆಲುವು. ನೀನೊಬ್ಬಳು ಬಿಟ್ಟು ಕೊಡ್ಬೇಡ. ಅದಕ್ಕೇ ನಿನ್ನನ್ನು ಕರ್ಕೊಂಡು ಬಂದದ್ದು."

ನನ್ನ ಕಣ್ಣು ತುಂಬಿತು. ಅಳುತ್ತ ವಾದಿಸುವುದು ಕಷ್ಟ, ಆದರೂ ವಾದಿಸಿದೆ. ಮನಸ್ಸು ಹಗುರಾಗಲು ಕೇಳುವವರು ಬೇಕಿಲ್ಲ, ಹೇಳುವವರಿದ್ದರೆ ಸಾಕು ಎಂದೆ. ಗೋಡೆಗೆ ಹೇಳಿಕೊಂಡರೂ ಹಗುರಾಗುತ್ತದೆ, ಅಷ್ಟಕ್ಕೇ ಗೋಡೆಗೆ ಕಿವಿ ಬರುವುದಿಲ್ಲ ಎಂದೆ. "ನನ್ನಮ್ಮ ಗೋಡೆಯಾ?" ಎಂದು ಕೂಗಿದರು. ಕಿತ್ತಾಡುತ್ತಲೇ ಏರು ಮುಗಿಯಿತು. ಇಳಿಜಾರಿನಲ್ಲಿ ಅವರು ಬ್ರೇಕು ಹಿಡಿಯದೆ ಹೋದರು. ನಾನು ಹಿಂದೆ ಉಳಿದೆ. ಅವರ ಚಕ್ರದ ಸದ್ದೂ ಕೇಳಿಸದಷ್ಟು ದೂರ.

ಮರುದಿನ ಅವರೇ ರೈಲಿನಲ್ಲಿ ವಾಪಸ್ ಹೋಗುವ ಎಂದರು. ನಾನು ಸೈಕಲ್ಲುಗಳನ್ನು ಸ್ಟೇಷನ್ನಿನ ಕಡೆ ತಿರುಗಿಸಿದೆ.

ಚಳಿಗಾಲಕ್ಕೆ ಅವರನ್ನು ಹಾಸ್ಪಿಸ್‌ಗೆ ಸೇರಿಸಿದರು. ಗುಣವಾಗದವರನ್ನು ಕೊನೆಯವರೆಗೆ ಹಿತವಾಗಿ ನೋಡಿಕೊಳ್ಳುವ ಜಾಗ ಅದು. ಒಂದು ಮಧ್ಯಾಹ್ನ ನಾನೂ ತಮ್ಮನೂ ಪಕ್ಕದಲ್ಲಿದ್ದೆವು. ಮಾರ್ಫಿನ್ನಿನ ಮಂಪರಿನಿಂದ ಕಣ್ಣು ತೆರೆದು ಸಿಸ್ಟರ್ ನನ್ನನ್ನು ಹುಡುಕಿದರು.

"ನಿನ್ನ ಪಾಯಿಂಟ್ ಹೇಳು."

"ಎಂತ ಅಕ್ಕ, ನೀರು ಬೇಕಾ?" ಎಂದು ತಮ್ಮ ಬಾಗಿದರು. ಅಕ್ಕ ಬಡಬಡಿಸುತ್ತಿದ್ದಾಳೆ ಎಂದುಕೊಂಡರೇನೋ. ನನಗೆ ಅರ್ಥವಾಗಿತ್ತು. ಅರ್ಥವಾಗದಂತೆ ಸುಮ್ಮನಿದ್ದುಬಿಡಬಹುದಿತ್ತು. ಸಿಸ್ಟರ್ ಕಣ್ಣು ನನ್ನನ್ನು ಬಿಡಲಿಲ್ಲ.

"ಸತ್ತವರಿಗೆ ಕೇಳಿಸಲ್ಲ ಸಿಸ್ಟರ್," ಎಂದೆ. ತಮ್ಮ ತಲೆಯೆತ್ತಿ ನನ್ನನ್ನೇ ನೋಡಿದರು. "ಇದ್ದಾಗ ಹೇಳದೆ ಉಳಿದದ್ದನ್ನ ಆಮೇಲೆ ಹೇಳ್ತೀವಿ. ತಡವಾಯ್ತು ಅಂತ ಒಪ್ಪಿಕೊಳ್ಳೋಕೆ ಆಗಲ್ಲ. ಅದಕ್ಕೇ ಕೇಳಿಸ್ತು ಅಂತ ಅಂದ್ಕೋತೀವಿ. ಅಷ್ಟೇ."

ಸಿಸ್ಟರ್ ಮುಖದಲ್ಲಿ ಆ ಹಳೆಯ ಹುರುಪು ಬಂತು. ಉಸಿರು ಕೂಡಿಸಿಕೊಂಡು ಹೇಳಿದರು: "ಇದಕ್ಕೆ ಉತ್ತರ ಉಂಟು. ಸ್ವಲ್ಪ ಮಲಗಿ ಎದ್ದು ಹೇಳ್ತೇನೆ."

ಏಳಲಿಲ್ಲ. ಮರುದಿನ ಹೋಗಿಬಿಟ್ಟರು.

ಹೊರಗೆ ತಮ್ಮ ನನ್ನನ್ನು ತಡೆದು ಕೇಳಿದರು. "ಸಾಯುವವಳ ಮುಖ ನೋಡಿಕೊಂಡು ಹಾಗೆ ಹೇಳ್ಲಿಕ್ಕೆ ಮನಸ್ಸಾದ್ರೂ ಹೇಗೆ ಬಂತು ನಿಮಗೆ?" ವಿವರಿಸಬಹುದಿತ್ತು. ಆ ಏರಿನ ವಿಷಯ ಹೇಳಿದ್ದರೆ ಅವರು ತಿಳಿದುಕೊಳ್ಳುತ್ತಿದ್ದರೋ ಏನೋ. ಅಕ್ಕನನ್ನು ಕಳೆದುಕೊಂಡವರ ಜೊತೆ ನಾನು ವಾದಕ್ಕೆ ನಿಲ್ಲಲಿಲ್ಲ.

ಚರ್ಚಾಸ್ಪರ್ಧೆಗಳಲ್ಲಿ ಕೊನೆಯ ಮಾತು ಯಾರದಾಗಬೇಕೆಂದು ಚೀಟಿ ಎತ್ತುತ್ತಿದ್ದೆವು. ಸಿಕ್ಕವರು ಅರ್ಧ ಗೆದ್ದಂತೆ. ಈ ಚರ್ಚೆಯಲ್ಲಿ ಅದು ಚೀಟಿ ಎತ್ತದೆಯೇ ನನ್ನ ಪಾಲಿಗೆ ಬಂತು. ನನ್ನ ನಿಲುವು ಇವತ್ತಿಗೂ ಬದಲಾಗಿಲ್ಲ. ದುಃಖಕ್ಕೆ ಸೋತು ಬದಲಾಯಿಸಿಕೊಂಡರೆ ಅವರಿಗೆ ಮಾಡಿದ ಅವಮಾನವಾದೀತು. ಆದರೆ ಉತ್ತರ ಉಂಟು ಎಂದಿದ್ದರು, ಅವರು ಹಾಗೆಲ್ಲ ಸುಮ್ಮನೆ ಹೇಳುವವರಲ್ಲ. ಅದೇನಿರಬಹುದೆಂದು ಅವರ ಪಕ್ಷದಲ್ಲಿ ನಿಂತು ಎಷ್ಟೋ ಸಲ ಕಟ್ಟಿ ನೋಡಿದ್ದೇನೆ. ಒಂದೂ ಅವರ ಮಾತಿನಂತೆ ಕೇಳಿಸುವುದಿಲ್ಲ. ನಾನೇ ಸರಿ ಎಂದಾದರೆ, ಆ ಉತ್ತರ ಎಂದಿಗೂ ಬರುವುದಿಲ್ಲ.