ಎಲ್ಲಾ ರೌಂಡಿನ ಸಾಹೇಬರು

ಆ ದಿನ ಬೆಳಗ್ಗೆ ಮಾಡಿದ ಕೆಲಸ ಇಷ್ಟು: ಹಂಡೆ ತುಂಬಿ ಒಲೆ ಹಚ್ಚಿದೆ. ಬಾಗಿಲು ಸಾರಿಸಿ ರಂಗೋಲಿ ಬಿಟ್ಟೆ. ನಮ್ಮ ಮನೆಯವರ ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಮಗ್ಗದ ಪಕ್ಕ ಇಟ್ಟೆ. ಅತ್ತೆಯ ಮಂಡಿಗೆ ಹರಳೆಣ್ಣೆ ತಿಕ್ಕಿದೆ. ರವೆ ಹುರಿದೆ, ಕಾಯಿ ತುರಿದೆ, ಪಕ್ಕದ ಮನೆಯಿಂದ ಹಿತ್ತಾಳೆ ಲೋಟ ಕೇಳಿ ತಂದೆ. ಮೈದುನನ ಬಿಳಿ ಷರಾಯಿಯ ಮಂಡಿಯಲ್ಲಿದ್ದ ಹುಲ್ಲಿನ ಕಲೆಗೆ ನಿಂಬೆಹಣ್ಣು ಉಜ್ಜಿದೆ, ಅದು ಹೋಗಲಿಲ್ಲ. ಕೊನೆಗೆ ಪಂಚೆ ಉಟ್ಟುಕೋ ಎಂದೆ.

ಹನೂರಿನಿಂದ ಹೆಣ್ಣಿನ ತಂದೆತಾಯಿ ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಹುಡುಗಿಯನ್ನು ನಾವು ಆಗಲೇ ನೋಡಿ ಬಂದಿದ್ದೆವು. ನೋಡಿ ಬಂದ ಮೇಲೆ ಮೈದುನ ಅವಳದೇ ಗುಂಗಿನಲ್ಲಿ, ಒಂದು ಸಲ ಕರೆದರೆ ಓ ಅನ್ನುವುದನ್ನೇ ಬಿಟ್ಟಿದ್ದ. ಈಗ ಅವರು ಬಂದು ನಮ್ಮ ಮನೆ ನೋಡಿ ಒಪ್ಪಬೇಕಿತ್ತು. ಈ ಸಂಬಂಧವೂ ತಪ್ಪಿದರೆ ಇನ್ನು ಹುಡುಕುವುದೆಲ್ಲಿ ಎಂದು ಅತ್ತೆ ಹಿಂದಿನ ದಿನವೆಲ್ಲ ನಿಟ್ಟುಸಿರು ಬಿಟ್ಟಿದ್ದರು. ಕೊಳ್ಳೇಗಾಲದ ನಮ್ಮ ಬೀದಿಯವರೇ ಅವನಿಗೆ ಹೆಣ್ಣು ಕೊಡಲು ಹಿಂದೆಗೆದಿದ್ದರು. ಹುಡುಗ ಲಕ್ಷಣವಾಗಿದ್ದಾನೆ, ಬೀಡಿ ಸಹ ಸೇದುವುದಿಲ್ಲ. ಆದರೆ ಮಾಡುವ ಕೆಲಸ ಕ್ರಿಕೆಟ್ ಆಟ.

ಮಗ್ಗದಲ್ಲಿ ಕೂತರೆ ಅವನು ಅಣ್ಣನಷ್ಟೇ ಚೆನ್ನಾಗಿ ನೇಯುತ್ತಿದ್ದ. ಆದರೆ ಬಯಲಿನಲ್ಲಿ ಅವನು ಚೆಂಡು ಎಸೆಯುವುದನ್ನು ನೋಡಿದವರು ಅವನನ್ನು ಮಗ್ಗದಲ್ಲಿ ಕೂರಲು ಬಿಡಲಿಲ್ಲ. ಮೊದಲು ನಮ್ಮೂರಿಗೆ ಆಡಿದ. ಆಮೇಲೆ ಯಳಂದೂರಿನವರು ಊಟ ಹಾಕಿ, ಬಸ್ ಚಾರ್ಜು ಕೊಟ್ಟು ಕರೆಸಿಕೊಂಡರು. ಆಗ ನಾವು ಮದ್ರಾಸಿಗೆ ಸೇರಿದವರು, ಯಳಂದೂರು ಮೈಸೂರಿನದು. ಯಳಂದೂರಿನ ಕಡೆ ನಿಂತು ನಮ್ಮೂರನ್ನೇ ಸೋಲಿಸಿ ಬಂದ ರಾತ್ರಿ ನಮ್ಮ ಮನೆಯವರು, ಮೈಸೂರು ಸೀಮೆಯವರಿಗೆ ಮೊದಲು ಬಡಿಸು, ನಮ್ಮದೇನು, ಸೋತವರು ಎಂದು ನನಗೆ ಹೇಳಿದ್ದರು. ಕೊನೆಗೆ ಕೊಯಮತ್ತೂರಿನ ಒಂದು ಮಿಲ್ಲಿನವರು ತಿಂಗಳ ಸಂಬಳಕ್ಕೆ ತೆಗೆದುಕೊಂಡರು. ಹೆಸರಿಗೆ ನೂಲಿನ ಗೋಡೌನಿನಲ್ಲಿ ಕೆಲಸ. ನಿಜವಾಗಿ ಮಿಲ್ಲಿನ ತಂಡಕ್ಕೆ ಬ್ಯಾಟು ಹಿಡಿಯುವುದು, ಚೆಂಡು ಎಸೆಯುವುದು ಎರಡೂ. ಎರಡನ್ನೂ ಮಾಡುವವನಿಗೆ ಅಲ್ಲಿ ಆಲ್‌ರೌಂಡರ್ ಎನ್ನುತ್ತಾರೆ. ಅತ್ತೆಯ ಕಿವಿಗೆ ಅದು ಆಳು ಎಂದು ಬಿದ್ದು, ನೇಯುವ ಮನೆಯ ಮಗನನ್ನು ಆಳು ಎನ್ನಲು ಅವರ್ಯಾರು ಎಂದು ಎಷ್ಟೋ ದಿನ ಗೊಣಗುತ್ತಿದ್ದರು.

ಸಂಬಂಧ ಹೇಳಿದ ಯಳಂದೂರಿನ ನೆಂಟರೊಬ್ಬರು ಹನೂರಿನವರಿಗೂ ಅದೇ ಮಾತು ಹೇಳಿದ್ದರು: ಹುಡುಗ ಆಲ್‌ರೌಂಡರ್. ಹೆಣ್ಣಿನ ತಂದೆಗೆ ಹುಣಸೆಹಣ್ಣು, ಸೀಗೆಕಾಯಿ ವ್ಯಾಪಾರ. ಕೌದಳ್ಳಿಯ ಆಚೆ ಕಾಡಿನಂಚಿನಿಂದ ಸರಕು ತರುವವರು. ಅವರಿಗೆ ರೌಂಡು ಎಂದರೆ ಫಾರೆಸ್ಟಿನ ರೌಂಡು. ಗಾರ್ಡು ತಿರುಗುವ ಕಾಡು ಒಂದು ಬೀಟು, ಕೆಲವು ಬೀಟು ಸೇರಿದರೆ ರೌಂಡು. ಎಲ್ಲಾ ರೌಂಡೂ ಒಬ್ಬನ ಕೈಯಲ್ಲಿದ್ದರೆ ಅವನೆಷ್ಟು ದೊಡ್ಡ ಸಾಹೇಬನಿರಬೇಕು ಎಂದು ಅವರು ಲೆಕ್ಕ ಹಾಕಿಕೊಂಡೇ ಬಂದಿದ್ದರು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಬಂದವರು ಜಗಲಿಯಲ್ಲಿ, ಮಗ್ಗದ ಎದುರಿಗೆ ಕೂತರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಉಪ್ಪಿಟ್ಟು ಕಳಿಸುತ್ತಿದ್ದೆ. ಹೆಣ್ಣಿನ ತಂದೆ ವಯಸ್ಸಿನಲ್ಲಿ ದೊಡ್ಡವರಾದರೂ ಮೈದುನನ ಎದುರು ಚಾಪೆಯ ತುದಿಯಲ್ಲೇ ಕೂತಿದ್ದರು. ಎಷ್ಟು ವಿನಯ ಇವರಿಗೆ ಅಂದುಕೊಂಡೆ.

"ಬೀಟೆಲ್ಲ ಎಂಗೆ ಸಾ? ಬೆಳಿಗ್ಗೆನಾ, ಸಂಜೇನಾ?" ಎಂದು ಕೇಳಿದರು.

ಬ್ಯಾಟಿಗೆ ಸಿಗದಂತೆ ಚೆಂಡು ದಾಟಿಸುವುದಕ್ಕೂ ಆಟದಲ್ಲಿ ಬೀಟು ಎನ್ನುತ್ತಾರೆ. ಆಟ ತಿಳಿದವರು ಸಿಕ್ಕರಲ್ಲ ಎಂದು ಮೈದುನನ ಮುಖ ಅರಳಿತು. "ಬೆಳಿಗ್ಗೆನೇ ಜಾಸ್ತಿ ಕಣ್ರಿ. ಮಂಜು ಬಿದ್ದಿರ್ತದಲ್ಲ," ಎಂದ.

"ಅದು ದಿಟ. ಮಂಜಲ್ಲೇ ಕದಿಯೋರು ನುಗ್ಗದು."

ಆಟದಲ್ಲಿ ಒಂದೊಂದು ಓಟ ಕದಿಯುವವರೂ ಇರುತ್ತಾರೆ, ಅವರು ಓಡಿ ಮುಟ್ಟುವ ಮೊದಲೇ ಚೆಂಡಿನಿಂದ ಗೂಟ ಉರುಳಿಸಿದರೆ ಔಟು. ಮೈದುನ, "ನನ್ ತಾವ ಕದಿಯಕ್ಕಾಗಲ್ಲ. ಅರ್ಧ ದಾರಿಗೆ ಬರೋ ಒತ್ಗೆ ಒಡ್ದು ಉರುಳುಸ್ಬುಡ್ತೀನಿ," ಎಂದ.

ಹೆಣ್ಣಿನ ತಂದೆ ಬಾಯಿಗೆ ಹೋಗುತ್ತಿದ್ದ ಉಪ್ಪಿಟ್ಟನ್ನು ಎಲೆಗೆ ಇಳಿಸಿ ಅವನನ್ನೇ ನೋಡಿದರು. ಭಯವೂ ಇತ್ತು, ಇಂಥ ಅಳಿಯ ಸಿಕ್ಕುತ್ತಾನಲ್ಲ ಎಂಬ ಸಂತೋಷವೂ ಇತ್ತು.

ಅಷ್ಟರಲ್ಲಿ ಹೆಣ್ಣಿನ ತಾಯಿ ಒಳಗೆ ಬಂದು, ಸಾರಿಗೆ ಸೊಪ್ಪು ಬಿಡಿಸಲು ಕೂತ ನನ್ನ ಪಕ್ಕ ಕೂತರು. ನಾನು ಬೇಡವೆಂದರೂ ತಾವೂ ಬಿಡಿಸತೊಡಗಿದರು. ಒಂದು ಹಿಡಿ ಸೊಪ್ಪು ಮುಗಿಯುವುದರೊಳಗೆ ಕಣ್ಣು ಒರೆಸಿಕೊಂಡರು. ಏನವ್ವಾ ಎಂದರೆ, ಮಗಳನ್ನು ಕಾಡಿನವರಿಗೆ ಕೊಡುವುದಕ್ಕೆ ಮನಸ್ಸೇ ಇಲ್ಲ, ತಮ್ಮ ಅಣ್ಣನನ್ನೇ ಆನೆ ಅಟ್ಟಿಸಿಕೊಂಡು ಬಂದು ಕಾಲು ಮುರಿದಿತ್ತು, ಸಾಹೇಬರಾದರೇನು ಆನೆಗೆ ಗೊತ್ತಾಗುತ್ತದೆಯೇ ಎಂದರು. ನನಗೆ ಮೊದಲು ಏನೂ ತಿಳಿಯಲಿಲ್ಲ. ಬಿಡಿಸಿ ಕೇಳಿದ ಮೇಲೆ ತಿಳಿಯಿತು. ನಗು ಬಂತು, ಸಂಬಂಧ ತಪ್ಪೀತೆಂದು ಹೆದರಿಕೆಯೂ ಆಯಿತು. ಸುಮ್ಮನಿದ್ದರೆ ಗಂಡಸರು ವೀಳ್ಯ ಬದಲಾಯಿಸಿಬಿಡುತ್ತಿದ್ದರೇನೋ. ಆದರೆ ಆ ತಾಯಿ ಕಣ್ಣೀರು ಹಾಕುತ್ತಿದ್ದರು. ಇಲ್ಲ ಕಣವ್ವಾ, ಕಾಡಿಲ್ಲ ಆನೆಯಿಲ್ಲ, ಅವನು ಮಿಲ್ಲಿಗೆ ಚೆಂಡಾಟ ಆಡುವವನು ಎಂದು ಎಲ್ಲವನ್ನೂ ಹೇಳಿದೆ. ಆಕೆ ಕಣ್ಣು ಒರೆಸಿಕೊಂಡು ಉಳಿದ ಸೊಪ್ಪನ್ನೂ ಬಿಡಿಸಿ ಮುಗಿಸಿದರು. ಏನು ಯೋಚಿಸುತ್ತಿದ್ದಾರೆ ಎಂದು ಗೊತ್ತಾಗಲಿಲ್ಲ.

ಹೊರಗೂ ಗುಟ್ಟು ಒಡೆಯುತ್ತಿತ್ತು. ಮುಂದಿನ ಸುಗ್ಗಿಗೆ ಸೀಗೆಕಾಯಿ ಗುತ್ತಿಗೆಯನ್ನು ತಮಗೇ ಮಾಡಿಸಿಕೊಡಬೇಕು ಎಂದು ಹೆಣ್ಣಿನ ತಂದೆ ಕೈ ಮುಗಿದಿದ್ದರು. ನಮ್ಮ ಮನೆಯವರು ಯಾವ ಗುತ್ತಿಗೆ ಎಂದರು. ಒಂದು ಮಾತಿಗೆ ಒಂದು ಮಾತು ಸೇರಿ ಎಲ್ಲ ಬಯಲಾಯಿತು. ಮೈದುನ ಒಳಗಿಂದ ತನ್ನ ಕೆಂಪು ಚೆಂಡು ತಂದು ಅವರ ಕೈಗೆ ಕೊಟ್ಟ. ಅವರು ಅದನ್ನು ಹುಣಸೆಹಣ್ಣಿನ ಉಂಡೆಯ ಹಾಗೆ ಅಂಗೈಯಲ್ಲಿ ತೂಗಿ ನೋಡಿದರು. ಇಷ್ಟು ಹೊತ್ತು ಸಾ ಎನ್ನುತ್ತಿದ್ದವರು ಈಗ, "ಏನಪ್ಪಾ, ಇದ್ನ ಎಸ್ದುದ್ಕೆ ದುಡ್ ಕೊಟ್ಟರಾ?" ಎಂದರು.

ಕೊಡುತ್ತಾರೆ ಎಂದ ಮೈದುನ.

ಅವರು ಚೆಂಡನ್ನು ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಹೆಗಲ ವಸ್ತ್ರ ಕೊಡವಿ ಎದ್ದರು. ಮೈದುನ ತಲೆ ತಗ್ಗಿಸಿದ. ಅತ್ತೆ ಒಳಗಿನ ಕಂಬ ಹಿಡಿದುಕೊಂಡರು. ಆಗ ಹೆಣ್ಣಿನ ತಾಯಿ ಎದ್ದು ಹೋಗಿ ಬಾಗಿಲಲ್ಲಿ ನಿಂತರು.

"ಕೂತ್ಕಳಿ ಅತ್ಲಾಗಿ. ಚೆಂಡ್ಗೇನು ದಂತ ಇದ್ದದಾ? ಸಂಜೆ ಆಟ ಮುಗುದ್ರೆ ಮನ್ಗೆ ಬತ್ತನೆ. ನಂಗೆ ಅಷ್ಟು ಸಾಕು," ಎಂದರು.

ನಮ್ಮ ಮನೆಯವರು ನಗು ತಡೆಯಲು ಮಗ್ಗದ ಕಡೆ ತಿರುಗಿಕೊಂಡರು. ಹೆಣ್ಣಿನ ತಂದೆ ಕೂರಲಿಲ್ಲ, ಹೋಗಲೂ ಇಲ್ಲ. ನಿಂತುಕೊಂಡೇ ಮೈದುನನನ್ನು ಕೇಳಿದರು: "ಅದ್ಸರಿ ಕಣಪ್ಪಾ. ತೋಳು ಬಿದ್ದೋದ್ಮೇಲೆ ಏನ್ ಮಾಡಿಯೇ?"

ಅವನು ಸ್ವಲ್ಪ ಯೋಚಿಸಿಯೇ ಹೇಳಿದ. "ಎಸೆಯಕ್ಕಾಗ್ದಿದ್ರೆ ಒಡಿತೀನಿ. ಒಡಿಯಕ್ಕೂ ಆಗ್ದಿದ್ರೆ ಮಗ್ಗ ಅದೆ, ಅಣ್ಣನ ಪಕ್ಕ ಕೂತ್ಕತೀನಿ. ನಿಮ್ಮ ಮಗಳ್ನ ಉಪಾಸ ಮಡಗಲ್ಲ."

ಅವರು ಮಗ್ಗವನ್ನು ನೋಡಿದರು. ಅಲ್ಲಿದ್ದ ಅರ್ಧ ನೇಯ್ದ ಸೀರೆಯ ಅಂಚನ್ನು ಮುಟ್ಟಿ, ಇದು ಯಾರ ಕೈಯದು ಎಂದು ಕೇಳಿದರು. ಊರಿಗೆ ಬಂದಾಗ ತಮ್ಮನೂ ಕೂರುತ್ತಾನೆ, ಈ ಒಂದು ಗೇಣು ಅವನದೇ ಎಂದು ನಮ್ಮ ಮನೆಯವರು ತೋರಿಸಿದರು. ಅಣ್ಣನ ಗೇಣಿಗೂ ತಮ್ಮನ ಗೇಣಿಗೂ ವ್ಯತ್ಯಾಸ ಹುಡುಕಿ ಹುಡುಕಿ ಸಿಗದೆ ಅವರು ಚಾಪೆಯ ನಡುವೆಯೇ ಕಾಲು ಚಾಚಿ ಕೂತರು. ಸೀಗೆಕಾಯಿ ಗುತ್ತಿಗೆ ತಪ್ಪಿತಲ್ಲ ಎಂದು ಒಮ್ಮೆ ನಿಟ್ಟುಸಿರಿಟ್ಟು, ವೀಳ್ಯದ ತಟ್ಟೆ ಎಲ್ಲಿ ಎಂದರು.

ವೀಳ್ಯ ಬದಲಾಯಿಸಿ, ಚೆಂಡು ತಿರುಗುವುದು ಹೇಗೆಂದು ಭಾವೀ ಮಾವ ಅಳಿಯನನ್ನು ಕೇಳಿ, ಅಳಿಯ ತೋರಿಸಿ, ಇವರೂ ಗೋಡೆಗೆ ಎಸೆದು ನೋಡುವಷ್ಟರಲ್ಲಿ ಹನೂರಿನ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಅವರು ನಮ್ಮಲ್ಲೇ ಉಳಿದರು. ರಾತ್ರಿಗೆ ರಾಗಿಮುದ್ದೆ, ಬೀಗಿತ್ತಿ ಬಿಡಿಸಿಕೊಟ್ಟ ಸೊಪ್ಪಿನ ಸಾರು, ಸುಟ್ಟ ಹಪ್ಪಳ, ಮೇಲೆ ಒಂದೊಂದು ಬಾಳೆಹಣ್ಣು. ಬೀಗರು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಮೈದುನನಿಗೆ ಒಂದೂ ಸೇರಲಿಲ್ಲ. ಮೊದಲು ನಿದ್ದೆ ಹೋದವರು ಬೀಗಿತ್ತಿ. ತಲೆದಿಂಬು ಕೊಡುತ್ತೇನೆ ಇರಿ ಎಂದು ನಾನು ತಂದುಕೊಡುವುದರೊಳಗೆ ತೋಳಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದರು.